ಹತ್ತಿಕುಣಿ ಕೆರೆಯ ದಡ: ಯಾರ ಸ್ವತ್ತು, ಯಾರ ಕಾವಲು?



ಬೇಸಿಗೆ ಬಲಿತಂತೆಲ್ಲ ಹತ್ತಿಕುಣಿ ಜಲಾಶಯದ ನೀರು ದಿನಕ್ಕಿಷ್ಟು ಹಿಂದೆ ಸರಿಯುತ್ತದೆ. ಸರಿದ ಜಾಗದಲ್ಲಿ ಕಪ್ಪು ಮೆಕ್ಕಲು ಮಣ್ಣು ಹಸಿಯಾಗಿ ಮೇಲೇಳುತ್ತದೆ. ಗೊಬ್ಬರ ಹಾಕದೆ, ನೀರು ಕಟ್ಟದೆ ಬೆಳೆ ಬರುವ ಮಣ್ಣು ಅದು. ಅಂಥ ಭೂಮಿ ಕಣ್ಣೆದುರು ಬಿದ್ದಿರುವಾಗ ಕೈಕಟ್ಟಿ ಕೂರಲು ಯಾವ ಒಕ್ಕಲಿಗನಿಗೂ ಮನಸ್ಸು ಬಾರದು. ಒಬ್ಬರು ರಂಟೆ ಹೂಡುತ್ತಾರೆ, ಅವರನ್ನು ನೋಡಿ ಇನ್ನೊಬ್ಬರು ಟ್ರ್ಯಾಕ್ಟರ್ ಇಳಿಸುತ್ತಾರೆ. ಮೂರನೆಯ ವರ್ಷಕ್ಕೆ ಅಲ್ಲೊಂದು ಮುಳ್ಳುಬೇಲಿ ಬರುತ್ತದೆ. ಐದನೆಯ ವರ್ಷಕ್ಕೆ ಅದು ಇಂಥವರ ಹೊಲ ಎಂದು ಊರೇ ಹೇಳತೊಡಗುತ್ತದೆ.

ಇದು ಹತ್ತಿಕುಣಿಯೊಂದರ ಕಥೆಯಲ್ಲ. ಪಕ್ಕದ ಸೌದಾಗರ ಜಲಾಶಯಕ್ಕೂ, ಸುರಪುರ, ಶಹಾಪುರ ತಾಲ್ಲೂಕುಗಳ ಹಳೆಯ ಕೆರೆಗಳಿಗೂ ಈ ಮಾತು ಹೊಂದುತ್ತದೆ. ಆದರೆ ಹತ್ತಿಕುಣಿಯನ್ನೇ ಮುಂದಿಟ್ಟುಕೊಂಡು ಮಾತಾಡುವುದು ಸುಲಭ. ಭೀಮೆಗೆ ಸೇರುವ ಹಳ್ಳಕ್ಕೆ ಅಡ್ಡಲಾಗಿ ಕಟ್ಟಿದ ಈ ಮಧ್ಯಮ ನೀರಾವರಿ ಯೋಜನೆಯ ಅಚ್ಚುಕಟ್ಟು 2,145 ಹೆಕ್ಟೇರ್, ಅಂದರೆ 5,300 ಎಕರೆ. ಕಾಲುವೆಯ ಕೊನೆಯಂಚಿನಲ್ಲಿ ಹೊಲ ಇರುವವರನ್ನು ಕೇಳಿ ನೋಡಿ, ಈ ಲೆಕ್ಕಕ್ಕೂ ನೀರು ಮುಟ್ಟುವ ಹೊಲಗಳ ಲೆಕ್ಕಕ್ಕೂ ಎಷ್ಟು ಅಂತರವಿದೆ ಎಂದು ಅವರೇ ಹೇಳುತ್ತಾರೆ. ನೀರು ಮುಟ್ಟದಿರಲು ಕಾಲುವೆಯ ಹಾಳು ಒಂದು ಕಾರಣ. ಅದರ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಮನವಿ ಕೊಡುತ್ತಾರೆ. ಕೆರೆಯ ದಡದ ಹಾಳು ಇನ್ನೊಂದು ಕಾರಣ. ಅದರ ಬಗ್ಗೆ ಮಾತಾಡುವವರು ಕಡಿಮೆ.

ದಡ ಎಂದರೆ ಯಾವುದು?

ನೀರಿನಂಚಿನಲ್ಲಿ ಕಾಣುವ ಗೆರೆಯಷ್ಟನ್ನೇ ದಡ ಎಂದು ತಿಳಿಯಬಾರದು. ಆ ಗೆರೆ ತಿಂಗಳಿಂದ ತಿಂಗಳಿಗೆ ಜಾಗ ಬದಲಿಸುತ್ತದೆ. ಕೋಡಿ ಬೀಳುವಷ್ಟು ತುಂಬಿದಾಗ ನೀರು ಎಲ್ಲಿಯವರೆಗೆ ನಿಲ್ಲುತ್ತದೆಯೋ ಅದು ಪೂರ್ಣ ನೀರಿನ ಮಟ್ಟ. ಅದರೊಳಗಿನದೆಲ್ಲ, ಒಣಗಿದ್ದರೂ, ಕೆರೆಯ ಅಂಗಳ. ಅದಕ್ಕೂ ಆಚೆ, ಜಲಾಶಯ ಕಟ್ಟುವಾಗ ಭೂಸ್ವಾಧೀನ ಮಾಡಿಕೊಂಡ ಗಡಿಯವರೆಗೆ ಇನ್ನೊಂದು ಪಟ್ಟಿ ಇರುತ್ತದೆ. ಅದರ ಮೇಲ್ಭಾಗದಲ್ಲಿ ನಿಮ್ಮ ಪಟ್ಟಾ ಹೊಲಗಳು ಬರುತ್ತವೆ. ಈ ಮೂರೂ ಸೇರಿಯೇ ದಡ. ಮೂರರಲ್ಲಿ ಒಂದು ಕೆಟ್ಟರೂ ಉಳಿದೆರಡು ಉಳಿಯುವುದಿಲ್ಲ.

ಕೆರೆಯ ಅಂಗಳ ಸಾಮಾನ್ಯವಾಗಿ ನೀರಿನ ಕಡೆಗೆ ಇಳಿಜಾರಾಗಿರುತ್ತದೆ. ಬೇಸಿಗೆಯಲ್ಲಿ ಅದನ್ನು ಉತ್ತು ಮಣ್ಣು ಸಡಿಲ ಮಾಡಿದರೆ ಮುಂಗಾರಿನ ಮೊದಲ ಬಿರುಮಳೆಗೆ ಆ ಸಡಿಲ ಮಣ್ಣು ನೇರ ಕೆರೆಯ ತಳಕ್ಕೆ ಇಳಿಯುತ್ತದೆ. ದೂರದ ಹೊಲದ ಮಣ್ಣಾದರೆ ದಾರಿಯಲ್ಲಿ ಬದು, ಪೊದೆ, ಹಳ್ಳದ ತಿರುವು ಏನಾದರೂ ತಡೆದೀತು. ಅಂಗಳದ ಮಣ್ಣಿಗೆ ಅಂಥ ಯಾವ ತಡೆಯೂ ಇಲ್ಲ.

ಒಂದು ಮಿಲಿಮೀಟರಿನ ಲೆಕ್ಕ

ನೀವೇ ಲೆಕ್ಕ ಹಾಕಿ ನೋಡಿ. ಒಂದು ಎಕರೆ ಹೊಲದಿಂದ ಬರೀ ಒಂದು ಮಿಲಿಮೀಟರ್ ದಪ್ಪದ ಮಣ್ಣು ಕೊಚ್ಚಿಹೋಯಿತು ಎನ್ನಿ. ಅಷ್ಟು ತೆಳು ಪದರ ಹೋದದ್ದು ಕಣ್ಣಿಗೆ ಕಾಣುವುದೇ ಇಲ್ಲ. ಆದರೆ ಅದು 4 ಘನ ಮೀಟರ್ ಮಣ್ಣು, ಅಂದರೆ ಒಂದು ಟ್ರಾಲಿ ತುಂಬಿ ಇನ್ನೂ ಉಳಿಯುವಷ್ಟು. ಜಲಾನಯನದ ಸಾವಿರ ಎಕರೆಯಿಂದ ಹೀಗೆ ಬಂದು ಕೆರೆ ಸೇರಿದರೆ 4,000 ಘನ ಮೀಟರ್. ಕೆರೆಯಲ್ಲಿ ಅಷ್ಟೇ ನೀರಿನ ಜಾಗವನ್ನು ಮಣ್ಣು ಹಿಡಿದುಕೊಂಡಿತು ಎಂದಾಯಿತು. ಹಿಂಗಾರಿ ಶೇಂಗಾಕ್ಕೆ ಒಂದು ಸಲ 5 ಸೆಂಟಿಮೀಟರ್ ನೀರು ಕೊಡುವುದಾದರೆ ಎಕರೆಗೆ ಸುಮಾರು 200 ಘನ ಮೀಟರ್ ಬೇಕು. ಆ ಮಣ್ಣು ಕಸಿದುಕೊಂಡದ್ದು 20 ಎಕರೆ ಶೇಂಗಾದ ಒಂದು ನೀರು. ಇದು ಒಂದೇ ವರ್ಷದ ಮಾತು. ಮರುವರ್ಷದ ಮಣ್ಣು ಅದರ ಮೇಲೆ ಕೂರುತ್ತದೆ. ಹೋದ ವರ್ಷದ್ದು ತಾನಾಗಿ ಎದ್ದು ಹೋಗುವುದಿಲ್ಲ.

ಶೇಂಗಾ ಬೆಳೆದವರಿಗೆ ಆ ಒಂದು ನೀರಿನ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಹೂ ಬಿಟ್ಟು ಊಡು ಇಳಿದು ಕಾಯಿ ಕಟ್ಟುವ ಹೊತ್ತಿನಲ್ಲಿ ನೀರು ತಪ್ಪಿದರೆ ಬೀಜ, ಗೊಬ್ಬರ, ಆಳಿನ ಕೂಲಿ ಎಲ್ಲ ಕೊಟ್ಟು ಬರೀ ಹೊಟ್ಟು ಮನೆಗೆ ತಂದಂತೆ. ಮೇಲ್ಭಾಗದವರ ಹೊಲಕ್ಕೆ ಆ ನೀರು ಹೇಗೋ ಮುಟ್ಟುತ್ತದೆ. ತಪ್ಪುವುದು ಕೊನೆಯಂಚಿನವರಿಗೆ. ಅಂಗಳದಲ್ಲಿ ಬಿತ್ತಿದವರು ಹತ್ತು ಜನ ಇರಬಹುದು. ಅದರ ದಂಡ ತೆರುವವರು ಬೇರೆ ಊರಿನವರು. ದಂಡ ಯಾಕೆ ಬಿತ್ತು ಎಂಬುದೂ ಅವರಿಗೆ ಗೊತ್ತಾಗುವುದಿಲ್ಲ.

ಇನ್ನೊಂದು ಕೇಡು ಗೊಬ್ಬರ ಮತ್ತು ಔಷಧಿಯದು. ಅಂಗಳದ ಬೆಳೆಗೆ ಎರಚಿದ ಯೂರಿಯಾ, ಡಿಎಪಿ ನೀರಿಗೆ ಸೇರಿದರೆ ಪಾಚಿ ಹುಲುಸಾಗಿ ಬೆಳೆಯುತ್ತದೆ. ಪಾಚಿ ಹಗಲಲ್ಲಿ ಪ್ರಾಣವಾಯು ಬಿಟ್ಟರೂ ರಾತ್ರಿ ತಾನೇ ಅದನ್ನು ಹೀರುತ್ತದೆ, ಸತ್ತು ಕೊಳೆಯುವಾಗಲೂ ಹೀರುತ್ತದೆ. ನಸುಕಿನ ಹೊತ್ತಿಗೆ ಮೀನು ಬಾಯಿ ಬಿಟ್ಟುಕೊಂಡು ಮೇಲೆ ತೇಲುವುದು ಈ ಕಾರಣಕ್ಕೇ. ಸಿಂಪಡಿಸುವ ಯಂತ್ರವನ್ನು ಕೆರೆಯಲ್ಲೇ ತೊಳೆಯುವುದು, ಔಷಧಿಯ ಖಾಲಿ ಡಬ್ಬಿಯನ್ನು ದಡದಲ್ಲೇ ಎಸೆಯುವುದು ಇದಕ್ಕಿಂತ ಕೆಟ್ಟದ್ದು. ಅದೇ ನೀರನ್ನು ನಿಮ್ಮ ಎತ್ತು ಎಮ್ಮೆಗಳು ಕುಡಿಯುತ್ತವೆ.

“ಮುಳುಗಿದ್ದು ನಮ್ಮ ಭೂಮಿ ಅಲ್ಲೇನ್ರಿ?”

ದಡದ ಊರುಗಳಲ್ಲಿ ಸಭೆ ಕರೆದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. “ಸಾಹೇಬ್ರ, ನಮ್ಮ ಅಜ್ಜನ ಹೊಲ ನೀರಾಗ ಹೋತು. ನೀರು ಇಳದಾಗ ನಾಕು ತಿಂಗಳು ಬಿತ್ತಿಕೊಂಡ್ರ ಸರ್ಕಾರದ ಗಂಟೇನು ಹೋಗ್ತದ?” ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವ ಅಧಿಕಾರಿ ಮುಂದೆ ಹೇಳುವ ಯಾವ ಮಾತನ್ನೂ ಊರವರು ಕೇಳಲಾರರು. ಜಲಾಶಯಕ್ಕೆ ಭೂಮಿ ಕೊಟ್ಟವರು ದಡದವರು, ನೀರು ಉಂಡವರು ಕೆಳಗಿನವರು. ಈ ಸಂಕಟ ನಿಜವಾದದ್ದೇ.

ಆದರೂ ಉತ್ತರ ಹೇಳಬೇಕು. ಕಾಯ್ದೆಯ ಮಾತು ಹೀಗಿದೆ: 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ ಪ್ರಕಾರ ಕೆರೆ, ಕಾಲುವೆಗಳ ತಳ ಸರ್ಕಾರದ ಸ್ವತ್ತು. ಸ್ವಾಧೀನವಾಗಿ ಪರಿಹಾರ ಪಡೆದ ಭೂಮಿ ಮತ್ತೆ ಪಟ್ಟಾ ಆಗುವುದಿಲ್ಲ. ಆದುದರಿಂದ ಅಲ್ಲಿ ಬಿತ್ತಿದ ಬೆಳೆಗೆ ವಿಮೆ ಇಲ್ಲ, ಸಾಲ ಇಲ್ಲ, ಕೆರೆ ಬೇಗ ತುಂಬಿ ಬೆಳೆ ಮುಳುಗಿದರೆ ಕೇಳುವವರೂ ಇಲ್ಲ. ಒಕ್ಕಲುತನದ ಮಾತು ಇದಕ್ಕಿಂತ ಮುಖ್ಯ. ದಡದವರಿಗೆ ಅಂಗಳದಿಂದ ಏನಾದರೂ ಸಿಗಲೇಬೇಕು ಎನ್ನುವುದಾದರೆ ಅದು ಮೇವಾಗಲಿ, ಕಾಳು ಬೇಡ ಎಂಬುದು ನನ್ನ ಅಭಿಪ್ರಾಯ. ಉಳುಮೆಯಿಲ್ಲದೆ ಬೆಳೆಯುವ ಹುಲ್ಲು ಮಣ್ಣನ್ನು ಹಿಡಿಯುತ್ತದೆ, ದನಕ್ಕೂ ಸಿಗುತ್ತದೆ. ನೀರಾವರಿ ಇಲಾಖೆಯ ಒಪ್ಪಿಗೆ ಪಡೆದು, ಪಂಚಾಯಿತಿಯ ಮೂಲಕ, ಭೂಮಿ ಕಳೆದುಕೊಂಡ ಮನೆಗಳಿಗೇ ಮೊದಲ ಹಕ್ಕು ಕೊಟ್ಟು ಹುಲ್ಲು ಕೊಯ್ಯಲು ಬಿಡುವ ಒಪ್ಪಂದ ಮಾಡಿಕೊಳ್ಳುವುದು ಆಗದ ಕೆಲಸವೇನಲ್ಲ. ಆಗ ದಡದವರೇ ದಡದ ಕಾವಲುಗಾರರಾಗುತ್ತಾರೆ. ಬರೀ ನೋಟೀಸು ಅಂಟಿಸಿದರೆ ರಾತ್ರಿ ಉಳುವವರು ರಾತ್ರಿ ಉಳುತ್ತಲೇ ಇರುತ್ತಾರೆ.

ಒಂದು ಕೆರೆ, ಏಳು ಕಚೇರಿ

ಏರಿ, ತೂಬು, ಕಾಲುವೆ ನೀರಾವರಿ ಇಲಾಖೆಗೆ ಸೇರಿವೆ. ಗಡಿ ಅಳೆಯುವವರು ಭೂಮಾಪನದವರು. ಒತ್ತುವರಿ ತೆರವು ತಹಶೀಲ್ದಾರರ ಅಧಿಕಾರ. ಮೀನು ಮೀನುಗಾರಿಕೆ ಇಲಾಖೆಯದು, ಗಿಡ ಅರಣ್ಯದವರದು. ಮೇಲಿನ ಹೊಲಗಳ ಬದು, ಕೃಷಿಹೊಂಡ ನಮ್ಮ ಕೃಷಿ ಮತ್ತು ಜಲಾನಯನ ಇಲಾಖೆಯವು. ಊರಿನ ಕೊಳೆನೀರು, ಕಸ ಪಂಚಾಯಿತಿಗೆ ಬಿಟ್ಟದ್ದು. ಪ್ರತಿಯೊಬ್ಬರೂ ತಮ್ಮ ಪಾಲಿನ ಕೆಲಸ ಮಾಡಿದರೂ ಕೆರೆ ಕೆಡಬಹುದು, ಏಕೆಂದರೆ ಒಬ್ಬರ ಕೆಲಸದ ಅಂಚಿಗೂ ಇನ್ನೊಬ್ಬರ ಕೆಲಸದ ಅಂಚಿಗೂ ನಡುವೆ ಉಳಿಯುವ ಜಾಗವೇ ದಡ. ಎಲ್ಲರ ಆಕಳು ಹಸಿದಿತ್ತು ಎನ್ನುವ ಹಾಗೆ.

ಕಾನೂನಿನ ಕೊರತೆ ಇದೆಯೆಂದು ನನಗೆ ಅನ್ನಿಸುವುದಿಲ್ಲ. 1965ರ ಕರ್ನಾಟಕ ನೀರಾವರಿ ಅಧಿನಿಯಮ ನೀರಾವರಿ ಕಟ್ಟಡಗಳಿಗೆ ಹಾನಿ ಮಾಡುವುದನ್ನು ಅಪರಾಧವೆನ್ನುತ್ತದೆ. 2024ರಲ್ಲಿ ಅದಕ್ಕೆ ತಿದ್ದುಪಡಿ ತಂದು ಕಾಲುವೆಯ ನೀರನ್ನು ಅಕ್ರಮವಾಗಿ ಎತ್ತುವವರ ಶಿಕ್ಷೆಯನ್ನು ಹೆಚ್ಚಿಸಲಾಯಿತು. ಕೆರೆಗಳ ಸಂರಕ್ಷಣೆಗೆಂದು 2014ರಲ್ಲಿ ಬಂದ ರಾಜ್ಯದ ಕಾಯ್ದೆ ಕೆರೆಯ ಗಡಿಯಿಂದ 30 ಮೀಟರ್ ಒಳಗೆ ಕಟ್ಟಡ ಕೂಡದೆಂದು ವಿಧಿಸಿತ್ತು. ಪಂಜಾಬಿನ ಒಂದು ಹಳ್ಳಿಯ ಕೆರೆ ಒತ್ತುವರಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2011ರ ಜನವರಿಯಲ್ಲಿ ತೀರ್ಪು ಕೊಟ್ಟು, ಊರ ಸಾಮೂಹಿಕ ಭೂಮಿಯನ್ನು ಅಕ್ರಮವಾಗಿ ಹಿಡಿದವರನ್ನು ತೆರವುಗೊಳಿಸಲು ಎಲ್ಲ ರಾಜ್ಯಗಳೂ ಯೋಜನೆ ಮಾಡಬೇಕೆಂದು ಹೇಳಿತು. ಬಹಳ ದಿನದಿಂದ ಅನುಭವಿಸುತ್ತಿದ್ದೇವೆ, ಮನೆ ಕಟ್ಟಲು ಖರ್ಚು ಮಾಡಿದ್ದೇವೆ ಎಂಬ ನೆಪ ನಡೆಯದು ಎಂದೂ ಅದೇ ತೀರ್ಪಿನಲ್ಲಿದೆ.

ಇಲ್ಲಿ ಒಂದು ಸೂಕ್ಷ್ಮ ತಿಳಿದಿರಬೇಕು. ಕೇಂದ್ರ ಸರ್ಕಾರದ 2017ರ ಜೌಗುಭೂಮಿ ನಿಯಮಗಳು ಕೆರೆಗಳನ್ನೆಲ್ಲ ಕಾಯುತ್ತವೆ ಎಂದು ಕೆಲವರು ಭಾಷಣದಲ್ಲಿ ಹೇಳುತ್ತಾರೆ. ಆದರೆ ನೀರಾವರಿಗೆಂದೇ ಮನುಷ್ಯರು ಕಟ್ಟಿದ ಜಲಾಶಯಗಳನ್ನು ಆ ನಿಯಮಗಳು ಹೊರಗಿಟ್ಟಿವೆ. ಹತ್ತಿಕುಣಿಯಂಥ ಕೆರೆಗೆ ಅವುಗಳ ಆಸರೆ ಇಲ್ಲ. ಸಮುದ್ರದ ದಡಕ್ಕಾದರೆ 1991ರಿಂದಲೇ ಬೇರೆ ಕಟ್ಟಳೆ ಬಂತು. ಉಬ್ಬರದ ಗೆರೆಯಿಂದ 500 ಮೀಟರಿನವರೆಗೆ ಏನು ಮಾಡಬಹುದು, ಏನು ಕೂಡದು ಎಂದು ಗೆರೆ ಎಳೆದರು. ಒಳನಾಡಿನ ದಡಕ್ಕೆ ಅಂಥ ಒಂದೇ ಗೆರೆ ಇಲ್ಲ.

ಅಮೆರಿಕ ದೇಶದ ಒಂದು ಉದಾಹರಣೆ ಹೇಳುತ್ತೇನೆ. ಅಲ್ಲಿ 1972ರಲ್ಲಿ ಕರಾವಳಿ ನಿರ್ವಹಣೆಯ ಕಾಯ್ದೆ ಮಾಡಿದಾಗ ಉತ್ತರದ ಐದು ಮಹಾ ಸರೋವರಗಳ ದಡವನ್ನೂ ಕರಾವಳಿ ಎಂದೇ ಎಣಿಸಿದರು. ಸಿಹಿನೀರಿನ ಕೆರೆಗೆ ಕಡಲಿನ ಮರ್ಯಾದೆ ಸಿಕ್ಕಿತು. ದಡ ಕಾಯುವ ಯೋಜನೆಯನ್ನು ಆಯಾ ರಾಜ್ಯವೇ ಬರೆಯಬೇಕು, ಸ್ಥಳೀಯರನ್ನು ಕೂಡಿಸಿಕೊಳ್ಳಬೇಕು. ಕೇಂದ್ರ ಒಪ್ಪಿದರೆ ಹಣ ಕೊಡುತ್ತದೆ, ರಾಜ್ಯವೂ ತನ್ನ ಪಾಲು ಹಾಕಬೇಕು. ಸೇರಲೇಬೇಕೆಂಬ ಬಲವಂತವಿಲ್ಲ. ಹಾಗಿದ್ದೂ ಸರೋವರದ ದಡದ ರಾಜ್ಯಗಳು ಒಂದೊಂದಾಗಿ ಸೇರಿದವು, ಕೊನೆಯದಾದ ಇಲಿನಾಯ್ 2012ರಲ್ಲಿ ಸೇರಿತು. ನಲವತ್ತು ವರ್ಷ ಹಿಡಿಯಿತು ಎಂಬುದನ್ನು ಗಮನಿಸಿ. ಅವರ ಸರೋವರ ಎಲ್ಲಿ, ನಮ್ಮ ಹತ್ತಿಕುಣಿ ಎಲ್ಲಿ ಎಂದು ನಗಬೇಡಿ. ಕೂಡಿ ಮಾಡಬೇಕಾದ ಕೆಲಸದ ತೊಡಕು ದೊಡ್ಡ ಕೆರೆಗೂ ಚಿಕ್ಕ ಕೆರೆಗೂ ಒಂದೇ.

ನಮ್ಮ ಸೀಮೆಯ ಹಳೆಯ ಪಾಠ

ದೂರ ಹೋಗುವುದೇ ಬೇಡ. ಸುರಪುರ ತಾಲ್ಲೂಕಿನ ಬೋನಾಳ ಕೆರೆಯನ್ನು ಸುರಪುರದ ನಾಯಕರ ಕಾಲದಲ್ಲಿ ಕಟ್ಟಿದ್ದು. ಹತ್ತೊಂಬತ್ತನೆಯ ಶತಮಾನದ ನಡುವೆ ಸುರಪುರದಲ್ಲಿ ಬ್ರಿಟಿಷರ ಪ್ರತಿನಿಧಿಯಾಗಿದ್ದ ಮೆಡೋಸ್ ಟೇಲರ್ ಅದನ್ನು ದುರಸ್ತಿ ಮಾಡಿಸಿ ಹಿಗ್ಗಿಸಿದ. ಇವತ್ತು ಅದು ಪಕ್ಷಿಧಾಮ. ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿಯುತ್ತವೆ. ಕೆರೆ ಇಷ್ಟು ಕಾಲ ಉಳಿದದ್ದು ಕಟ್ಟಿದವರ ಗಟ್ಟಿತನದಿಂದ ಮಾತ್ರವಲ್ಲ, ಪ್ರತಿ ತಲೆಮಾರಿನಲ್ಲೂ ಯಾರೋ ಒಬ್ಬರು ಅದರ ಮೇಲೆ ಕೈಯಿಟ್ಟು ನೋಡಿಕೊಂಡದ್ದರಿಂದ.

ಹಿಂದೆ ಕೆರೆ ಕಾಯಲು, ಹೂಳು ತೆಗೆಯಲು ಇನಾಮು ಭೂಮಿ ಬಿಡುವ ಪದ್ಧತಿ ಇತ್ತು. ದಶಬಂಧ, ಕೆರೆಗೊಡಗೆ ಎಂಬ ಹೆಸರುಗಳು ಶಾಸನಗಳಲ್ಲಿ ಸಿಗುತ್ತವೆ. ನೀರು ಬಿಡಲು ನೀರಗಂಟಿ ಇರುತ್ತಿದ್ದ. ಇನಾಮು ಹೋಯಿತು. ಹೋದದ್ದು ಒಳ್ಳೆಯದೇ, ಅದರ ಜತೆ ಬಹಳ ಅನ್ಯಾಯವೂ ಹೋಯಿತು. ಆದರೆ ನೀರಗಂಟಿಯ ಕೆಲಸವನ್ನು ಯಾರಿಗೆ ವಹಿಸಬೇಕು ಎಂಬುದು ಮಾತ್ರ ಹಾಗೇ ಉಳಿಯಿತು.

ಆ ಜಾಗ ತುಂಬಲು ಮಾಡಿದ ದೊಡ್ಡ ಪ್ರಯತ್ನವೆಂದರೆ ಜಲ ಸಂವರ್ಧನೆ ಯೋಜನಾ ಸಂಘದ್ದು. ವಿಶ್ವಬ್ಯಾಂಕಿನ ನೆರವಿನಿಂದ 2002ರಲ್ಲಿ ಶುರುವಾಗಿ 2012ರವರೆಗೆ ನಡೆದ ಆ ಯೋಜನೆಯಲ್ಲಿ ಕೆರೆ ಬಳಸುವವರೇ ಸಂಘ ಕಟ್ಟಬೇಕಿತ್ತು, ಹಣವಾಗಿಯೋ ಮೈದುಡಿಮೆಯಾಗಿಯೋ ತಮ್ಮ ವಂತಿಗೆ ಹಾಕಬೇಕಿತ್ತು. ಕೆಲಸದ ಯೋಜನೆಯನ್ನು ಊರವರು ಕೂತು ಬರೆಯುವುದು, ದುರಸ್ತಿಯಾದ ಮೇಲೆ ಸಂಘವೇ ನೋಡಿಕೊಳ್ಳುವುದು ಅದರ ಮೂಲ ತತ್ವ. ತತ್ವ ಸರಿಯಾದದ್ದೇ. ಆದರೆ ನನ್ನ ಅಭಿಪ್ರಾಯ ಇಷ್ಟು: ಮಣ್ಣಿನ ಕೆಲಸಕ್ಕೆ ಹಣ ಬರುವವರೆಗೆ ಸಂಘದ ಸಭೆಗೆ ಜನ ಬರುತ್ತಾರೆ. ಹಣ ನಿಂತ ಮೇಲೂ ಬರಬೇಕಾದರೆ ಸಂಘಕ್ಕೆ ಪ್ರತಿ ವರ್ಷ ಸಣ್ಣದಾದರೂ ಒಂದು ಆದಾಯ ಇರಬೇಕು. ಮೀನಿನ ಪಾಲು, ಹುಲ್ಲಿನ ಹರಾಜು, ಹೂಳಿನ ಟ್ರಾಲಿಗೆ ಇಂತಿಷ್ಟು ಎಂಬ ಶುಲ್ಕ, ಏನಾದರೂ ಸರಿ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು “ನಮ್ಮ ಊರು ನಮ್ಮ ಕೆರೆ” ಎಂದು ನಡೆಸುವ ಹೂಳೆತ್ತುವ ಕೆಲಸದಲ್ಲಿಯೂ ಊರಿನ ಕೆರೆ ಸಮಿತಿಯೇ ಮುಂದಾಳು. ಅಲ್ಲೂ ಹೂಳು ಎತ್ತಿದ ಮೇಲಿನ ವರ್ಷಗಳೇ ಪರೀಕ್ಷೆ.

ಇನ್ನೆರಡು ಕೆರೆಗಳನ್ನು ನೋಡಿ. ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ. ಎರಡೂ ನಿಮ್ಮ ಊರಿನ ಕೆರೆಗಳಂತೆ ನೀರಾವರಿಗೆಂದು ಕಟ್ಟಿದವು. ಮಾಗಡಿ 55 ಹೆಕ್ಟೇರಿನೊಳಗೆ, ಅಂಕಸಮುದ್ರ 100 ಹೆಕ್ಟೇರಿನೊಳಗೆ. ಎರಡನ್ನೂ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಬಂದ ತಿದ್ದುಪಡಿಯಂತೆ ಇಂಥ ಮೀಸಲಿಗೆ ಒಂದು ನಿರ್ವಹಣಾ ಸಮಿತಿ ಇರಬೇಕು, ಅದರಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿಗಳೂ ಅರಣ್ಯ, ಕೃಷಿ ಇಲಾಖೆಯವರೂ ಕೂರಬೇಕು. 2024ರ ಜನವರಿಯಲ್ಲಿ ಈ ಎರಡೂ ಕೆರೆಗಳು ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿದವು. ಅಂಕಸಮುದ್ರದಲ್ಲಿ ಹಕ್ಕಿಗಳು ಗೂಡು ಕಟ್ಟಿದ್ದು ಕೆರೆಯ ಅಂಗಳದ ಕರಿಜಾಲಿ ಗಿಡಗಳಲ್ಲಿ. ಹತ್ತಿಕುಣಿಯನ್ನೂ ಹಾಗೇ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಹೆಬ್ಬಾತು ಬಂದರೆ ಹೊಲದ ಕಾಳಿಗೂ ಬಾಯಿ ಹಾಕುತ್ತದೆ, ಅದನ್ನೂ ಲೆಕ್ಕ ಹಿಡಿಯಬೇಕು. ಬೇರೆ ಬೇರೆ ಇಲಾಖೆಯವರನ್ನೂ ಪಂಚಾಯಿತಿಯನ್ನೂ ಒಂದೇ ಮೇಜಿನ ಸುತ್ತ ಕೂರಿಸುವ ದಾರಿ ನಮ್ಮ ರಾಜ್ಯದಲ್ಲೇ ಇದೆ ಎಂಬುದಷ್ಟೇ ನನ್ನ ಮಾತು.

ಈ ವರ್ಷ ಮಾಡಬಹುದಾದ ಕೆಲಸ

ಮೊದಲು ಗಡಿ. ಗಡಿಕಲ್ಲು ಇಲ್ಲದ ಕೆರೆಯನ್ನು ಕಾಯಲು ಯಾರಿಂದಲೂ ಆಗದು. ನೀರಾವರಿ ಇಲಾಖೆಯ ಸ್ವಾಧೀನ ನಕ್ಷೆ, ಭೂಮಾಪನದ ಗ್ರಾಮ ನಕ್ಷೆ ಎರಡನ್ನೂ ಜತೆಗಿಟ್ಟು ಜಂಟಿ ಅಳತೆ ಮಾಡಬೇಕೆಂದು ಕೇಳಿ. ಅಳತೆಯ ದಿನ ದಡದ ಹೊಲದವರೂ ಕೊನೆಯಂಚಿನ ಊರಿನವರೂ ಇಬ್ಬರೂ ಹಾಜರಿರಲಿ. ಒಬ್ಬರೇ ಇದ್ದರೆ ಕಲ್ಲು ನಡೆದಾಡುತ್ತದೆ. ಅಕ್ಟೋಬರ್ ಹೊತ್ತಿಗೆ ಕೆರೆ ತುಂಬಿದ್ದರೆ ನೀರು ನಿಂತ ಮಟ್ಟವನ್ನು ಅಲ್ಲಲ್ಲಿ ಬಂಡೆಗೆ, ಕಲ್ಲಿಗೆ ಸುಣ್ಣದಿಂದ ಗುರುತು ಮಾಡಿಡಿ. ಬೇಸಿಗೆಯ ವಾದಕ್ಕೆ ಆ ಗುರುತೇ ಸಾಕ್ಷಿ.

ಎರಡನೆಯದು ಹಸಿರು ಪಟ್ಟಿ. ಪೂರ್ಣ ನೀರಿನ ಮಟ್ಟದ ಮೇಲ್ಭಾಗದಲ್ಲಿ ಇಳಿಜಾರಿಗೆ ಅಡ್ಡಲಾಗಿ ಲಾವಂಚ, ಅಂದರೆ ನಮ್ಮ ಮುಡಿವಾಳವನ್ನು ಒತ್ತಾಗಿ ಸಾಲು ನಾಟಿ. ಅದರ ಬೇರು ಅಡ್ಡಕ್ಕೆ ಹರಡದೆ ಆಳಕ್ಕೆ ಇಳಿಯುತ್ತದೆ. ಬುಡದಲ್ಲಿ ಮಣ್ಣು ಕೂತಂತೆಲ್ಲ ಹುಲ್ಲು ಮೇಲೆ ಬಂದು ತಾನೇ ಬದುವಾಗುತ್ತದೆ. ಮೊದಲ ವರ್ಷ ದನದ ಬಾಯಿಂದ ಉಳಿಸಿದರೆ ಆಮೇಲೆ ಅದಕ್ಕೆ ಆರೈಕೆ ಬೇಡ. ಸಾಲುಗಳ ನಡುವೆ ಅಂಜನ ಹುಲ್ಲು, ಸ್ಟೈಲೋ ಚೆಲ್ಲಿದರೆ ಮೇವಾಗುತ್ತದೆ. ಆಗಾಗ ನೀರು ನಿಲ್ಲುವ ಜಾಗಕ್ಕೆ ಕರಿಜಾಲಿ ಒಗ್ಗುತ್ತದೆ, ಮೇಲಿನ ಒಣ ಭಾಗಕ್ಕೆ ಹೊಂಗೆ, ಬೇವು. ಏರಿಯ ಮೇಲೆ ಮಾತ್ರ ಯಾವ ಮರವೂ ಬೇಡ. ಬೇರು ಒಳಗೆ ಹೋಗಿ ಸತ್ತ ಮೇಲೆ ಆ ಪೊಳ್ಳಿನಲ್ಲಿ ನೀರು ದಾರಿ ಮಾಡಿಕೊಳ್ಳುತ್ತದೆ. ಈಗಾಗಲೇ ಏರಿಯಲ್ಲಿ ಬೆಳೆದ ಬಳ್ಳಾರಿ ಜಾಲಿಯನ್ನು ನೀವಾಗಿಯೇ ಜೆಸಿಬಿಯಿಂದ ಕೀಳಿಸಬೇಡಿ. ಬುಡ ಕಿತ್ತ ಗುಂಡಿ ಮರಕ್ಕಿಂತ ಅಪಾಯ. ಇಂಜಿನಿಯರರು ನಿಂತು ಮಾಡಿಸಬೇಕಾದ ಕೆಲಸ ಅದು.

ದನಕ್ಕೆ ನೀರು ಕುಡಿಸಲು ದಡದುದ್ದಕ್ಕೂ ಇಳಿಯುವುದು ಬಿಟ್ಟು ಒಂದೆರಡು ಕಡೆ ಕಲ್ಲು ಹಾಸಿದ ಇಳಿದಾರಿ ಮಾಡಿಕೊಳ್ಳಿ. ಗೊರಸು ತುಳಿದ ದಡ ಮಳೆಗೆ ಬೇಗ ಕರಗುತ್ತದೆ.

ಹೂಳಿನ ವಿಷಯಕ್ಕೆ ಬರೋಣ. ಹೂಳೆತ್ತಿ ಹೊಲಕ್ಕೆ ಹಾಕುವುದು ಒಳ್ಳೆಯ ಕೆಲಸ, ಆದರೆ ಎಲ್ಲ ಹೊಲಕ್ಕೂ ಅಲ್ಲ. ನೀರು ನಿಲ್ಲದ ಮಸಾರಿ ಹೊಲಕ್ಕೆ ಕೆರೆಯ ಜಿಗುಟು ಮಣ್ಣು ಅಮೃತ. ತೇವ ಎರಡು ದಿನ ಹೆಚ್ಚು ಉಳಿಯುತ್ತದೆ, ಮಳೆ ಕೈಕೊಟ್ಟ ವರ್ಷ ತೊಗರಿಗೆ ಆ ಎರಡು ದಿನವೇ ದೊಡ್ಡದು. ಮೊದಲೇ ನೀರು ಬಸಿಯದ ಎರೆಭೂಮಿಗೆ ಅದನ್ನೇ ಹೇರಿದರೆ ಕೆಡುಕಾದೀತು. ಅರ್ಧ ಅಂಗುಲ ದಪ್ಪ ಹರಡಲು ಎಕರೆಗೆ ಸುಮಾರು 50 ಘನ ಮೀಟರ್ ಬೇಕು. ಟ್ರಾಲಿಗೆ 3 ಘನ ಮೀಟರ್ ಹಿಡಿದರೆ 17 ಟ್ರಾಲಿ. ಮೊದಲ ಸಲ ಇದಕ್ಕಿಂತ ಹೆಚ್ಚು ಬೇಡ. ಬೇಸಿಗೆಯಲ್ಲೇ ಹರಡಿ, ಹೆಂಟೆ ಬಿಸಿಲಿಗೆ ಒಡೆದ ಮೇಲೆ ಕುಂಟೆ ಹೊಡೆದು ಬೆರೆಸಿ. ಹಾಕುವ ಮೊದಲು ಹೂಳಿನದೂ ಹೊಲದ್ದೂ ಒಂದೊಂದು ಮಾದರಿ ಪರೀಕ್ಷೆ ಮಾಡಿಸಿ, ಸವಳು ಇದ್ದರೆ ಗೊತ್ತಾಗುತ್ತದೆ. ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಸುಜಲಾ ಮೂರನೆಯ ಹಂತದ ಯೋಜನೆಯಲ್ಲಿ ಯಾದಗಿರಿ ಜಿಲ್ಲೆಯೂ ಇತ್ತು. ಆಗ ಸಮೀಕ್ಷೆಯಾದ ಊರು ನಿಮ್ಮದಾಗಿದ್ದರೆ ನಿಮ್ಮ ಹೊಲದ ಮಣ್ಣಿನ ಆಳ, ಗುಣದ ಮಾಹಿತಿ ಇಲಾಖೆಯಲ್ಲಿ ಇರುತ್ತದೆ.

ಹೂಳನ್ನು ಎಲ್ಲೆಂದರಲ್ಲಿ ಅಗೆಯಬಾರದು. ಏರಿಯ ಬುಡದಿಂದ ಎಷ್ಟು ದೂರ ಬಿಡಬೇಕು, ಎಷ್ಟು ಆಳ ಹೋಗಬೇಕು ಎಂದು ಇಂಜಿನಿಯರರು ಗುರುತು ಹಾಕಿದ ಮೇಲೆಯೇ ಶುರು ಮಾಡಿ. ಇಟ್ಟಿಗೆ ಭಟ್ಟಿಯವರು ಒಳ್ಳೆಯ ಜಿಗುಟು ಮಣ್ಣು ಸಿಗುವ ಕಡೆ ಮಾತ್ರ ಬಾವಿಯಂತೆ ತೋಡಿ ಹೋಗುತ್ತಾರೆ. ನೀರು ತುಂಬಿದ ಮೇಲೆ ಆ ಗುಂಡಿ ಕಾಣುವುದಿಲ್ಲ. ಈಜಲು ಇಳಿದ ಹುಡುಗರು, ನೀರಿಗೆ ಬಿದ್ದ ಎಮ್ಮೆಗಳು ಅಲ್ಲೇ ಸಿಕ್ಕಿಕೊಳ್ಳುತ್ತವೆ. ಅಂಥ ತೋಡುವಿಕೆ ಕಂಡ ದಿನವೇ ತಡೆಯಿರಿ. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಏನು ಬಂತು?

ಮೇಲಿನ ಪಟ್ಟಾ ಹೊಲದವರಿಗೆ ಒಂದು ಮಾತು. ನಿಮ್ಮ ಬದು ಗಟ್ಟಿಯಾಗಿದ್ದರೆ ಕೆರೆ ಅರ್ಧ ಉಳಿದಂತೆ. ಇಳಿಜಾರಿಗೆ ಅಡ್ಡಲಾಗಿ ಉಳುಮೆ ಮಾಡಿ, ಹೊಲದ ಕೆಳಮೂಲೆಯಲ್ಲಿ ಕೃಷಿಹೊಂಡ ತೋಡಿಸಿ. ಹೊಂಡದಲ್ಲಿ ಕೂತ ಮಣ್ಣನ್ನು ಮರಳಿ ನಿಮ್ಮ ಹೊಲಕ್ಕೇ ಹಾಕಬಹುದು. ಕೆರೆಗೆ ಹೋದದ್ದನ್ನು ಹಾಗೆ ತರಲಾಗದು, ಡೀಸೆಲ್ಲಿಗೆ ದುಡ್ಡು ಸುರಿಯಬೇಕು.

ಕೊನೆಗೆ ಅರ್ಜಿಯ ವಿಷಯ. ಒಬ್ಬರೇ ಬರೆದ ದೂರು ಜಗಳವೆಂದು ತಳ್ಳಿಹೋಗುತ್ತದೆ. 2000ರಲ್ಲಿ ನೀರಾವರಿ ಅಧಿನಿಯಮಕ್ಕೆ ಬಂದ ತಿದ್ದುಪಡಿ ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಕಾನೂನಿನ ಸ್ಥಾನ ಕೊಟ್ಟಿದೆ. ನಿಮ್ಮ ಕಾಲುವೆಯ ಮೇಲೆ ಸಂಘ ಇದ್ದರೆ ಅದರ ಸಭೆಯಲ್ಲಿ, ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಠರಾವು ಮಾಡಿಸಿ. ಠರಾವಿನಲ್ಲಿ ಮೂರೇ ವಿಷಯ ಸಾಕು: ಗಡಿಯ ಜಂಟಿ ಅಳತೆ, ಅಂಗಳದಲ್ಲಿ ಉಳುಮೆಯ ಬದಲು ಮೇವಿನ ಒಪ್ಪಂದ, ಹಸಿರು ಪಟ್ಟಿಗೆ ಸಸಿ ಮತ್ತು ಕೂಲಿ. ಹೆಚ್ಚು ಕೇಳಿದರೆ ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಸುತ್ತುತ್ತಲೇ ಇರುತ್ತದೆ. ನೀರಾವರಿ ಇಲಾಖೆಯ ಕಾರ್ಯಪಾಲಕ ಇಂಜಿನಿಯರ್, ತಹಶೀಲ್ದಾರರು, ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿ ಮೂವರಿಗೂ ಒಂದೇ ದಿನ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಅಂಗಳ ಪೂರ್ತಿ ಬಯಲಾಗಿ ಕಾಣುವುದು ಏಪ್ರಿಲ್, ಮೇ ತಿಂಗಳಲ್ಲಿ. ಆದ್ದರಿಂದ ಅರ್ಜಿ ಫೆಬ್ರವರಿಯೊಳಗೆ ಹೋಗಿರಲಿ. ಮೊಹರಿನ ಪ್ರತಿಯೊಂದನ್ನು ನಿಮ್ಮ ಊರ ವಾಚನಾಲಯದ ಫೈಲಿನಲ್ಲಿ ಇಡಿಸಿ, ಮುಂದಿನ ಸಲ ಅಧಿಕಾರಿ ಬದಲಾದಾಗ ತೋರಿಸಲು ಬೇಕಾಗುತ್ತದೆ.